ನನ್ನ ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟ್ ಎಲ್ಲರಿಗೂ ಕಾಣುತ್ತದೆ. ಆ ತಂತಿಯ ಇನ್ನೊಂದು ತುದಿಯಲ್ಲಿ ಯಾರಿಗೆ ಎಷ್ಟು ಪುಕ್ಕಟೆ?

ಕೃಷ್ಣಾದಂಡೆ ಕಬ್ಬಿನವ (ಜಮಖಂಡಿ ಕಡೆ)
ಶನಿವಾರ, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಎಳ್ಳಮವಾಸ್ಯೆ ದಿನ ಚರಗ ಚೆಲ್ಲಿ ಬೇವಿನ ಗಿಡದ ಕೆಳಗೆ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಎಲ್ಲ ಇತ್ತು. ಪುಣೆಯಿಂದ ಅಕ್ಕ-ಭಾವ ಬಂದಿದ್ದರು. ಅಷ್ಟರಲ್ಲಿ ತ್ರೀ ಫೇಸ್ ಬಂತು. ಆಟೊ ಸ್ಟಾರ್ಟರ್ ಟಕ್ ಅಂದಿತು, ಮೋಟರ್ ತಾನೇ ಶುರುವಾಯಿತು. ಭಾವ ರೊಟ್ಟಿ ಮುರಿಯುತ್ತಾ ಅಂದರು: "ನೋಡು, ಮೀಟರೂ ಇಲ್ಲ, ಬಿಲ್ಲೂ ಇಲ್ಲ. ನಾವು ಟ್ಯಾಕ್ಸ್ ಕಟ್ಟಬೇಕು, ನೀವು ನೀರು ಹಾಯಿಸಬೇಕು."

ತಮಾಷೆಗೇ ಅಂದದ್ದು. ಆದರೆ ಗಂಟಲಲ್ಲಿ ಸಿಕ್ಕಿಕೊಂಡಿತು. ನನ್ನದು ಏಳೂವರೆ ಎಚ್‌ಪಿ ಮೋಟರ್. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಪುಕ್ಕಟೆ, ಅದು ನಿಜ. ಸುಳ್ಳು ಹೇಳಲು ಬರುವುದಿಲ್ಲ. ನನ್ನ ಪ್ರಶ್ನೆ ಬೇರೆ. ಈ ಕರೆಂಟಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ಆ ಕಲ್ಲಿದ್ದಲು ಅಗೆಯುವವರಿಗೆ, ಎಣ್ಣೆ ತೆಗೆಯುವವರಿಗೆ ಸರ್ಕಾರಗಳು ಏನೇನು ಬಿಟ್ಟುಕೊಡುತ್ತವೆ? ನಮ್ಮ ದೇಶದಲ್ಲಿ, ಬೇರೆ ದೇಶಗಳಲ್ಲಿ? ಬಲ್ಲವರು ಬರೆಯಿರಿ. ಸಂಕ್ರಾಂತಿಗೆ ಭಾವ ಮತ್ತೆ ಬರುತ್ತಾರೆ. ಅಷ್ಟರೊಳಗೆ ಒಂದು ಉತ್ತರ ಬೇಕು.


ಲಾರಿ ಕಾಕಾ (ವಿಜಯಪುರ)
ಶನಿವಾರ, ರಾತ್ರಿ 9:10

ತಮ್ಮಾ, ಭಾವನ ಜೊತೆ ಜಗಳ ಬೇಡ. ಹೋಳಿಗೆ ತಿನ್ನಿಸು, ಸುಮ್ಮನಾಗುತ್ತಾರೆ.


ಬೆಳಗಾವಿ ಲೆಕ್ಕಿಗ
ಶನಿವಾರ, ರಾತ್ರಿ 9:45

ಒಳ್ಳೆಯ ಪ್ರಶ್ನೆ. ಆದರೆ ಮೊದಲೇ ಒಂದು ಮಾತು. ಸಬ್ಸಿಡಿ ಅಂದರೆ ಸರ್ಕಾರ ಕೈಯಲ್ಲಿ ರೊಕ್ಕ ಇಡುವುದು ಎಂದು ನಾವು ತಿಳಿದಿದ್ದೇವೆ. ಎಣ್ಣೆ, ಕಲ್ಲಿದ್ದಲು ತೆಗೆಯುವವರಿಗೆ ಹಾಗೆ ಕೊಡುವುದು ಕಡಿಮೆ. ಅಲ್ಲಿ ನಡೆಯುವುದು "ತೆಗೆದುಕೊಳ್ಳದೆ ಬಿಡುವುದು". ಬರಬೇಕಾದ ತೆರಿಗೆ ಬಿಡುವುದು, ಬಾಡಿಗೆ ಕಡಿಮೆ ಇಡುವುದು. ಆದ್ದರಿಂದಲೇ ಅದು ನಿಮ್ಮ ಭಾವನ ಕಣ್ಣಿಗೆ ಬೀಳುವುದಿಲ್ಲ. ಮೋಟರಿನ ಹಾಗೆ ಅದು ಸದ್ದು ಮಾಡುವುದಿಲ್ಲ, ಅಲ್ವಾ?

ಅಮೆರಿಕದ ಕಥೆ ಹೇಳುತ್ತೇನೆ, ಅದು ನನ್ನ ಕಸುಬಿಗೆ ಹತ್ತಿರ. ಅಲ್ಲಿ ಎಣ್ಣೆ ಬಾವಿ ಕೊರೆಯುವ ಕೂಲಿ, ಇಂಧನ, ಕೆಸರು, ರಾಸಾಯನಿಕ, ಇಂಥ ಖರ್ಚನ್ನು ಬಹುಮಟ್ಟಿಗೆ ಮೊದಲ ವರ್ಷವೇ ಆದಾಯದಿಂದ ಕಳೆಯಬಹುದು. ಬೇರೆ ಧಂದೆಯವರು ಇಂಥ ಬಂಡವಾಳವನ್ನು ಸಾಮಾನ್ಯವಾಗಿ ವರ್ಷವರ್ಷ ಸ್ವಲ್ಪ ಸ್ವಲ್ಪ ಕಳೆಯಬೇಕು. ಈ ರಿಯಾಯಿತಿಯ ಬೇರು 1913ರ ಹೊತ್ತಿನದು. ನೂರು ವರ್ಷ ದಾಟಿದೆ.

ಎರಡನೆಯದು ಇನ್ನೂ ಮಜಾ ಇದೆ. 1926ರಲ್ಲಿ ಬಂದದ್ದು. ನಾನು 8 ಲಕ್ಷ ಕೊಟ್ಟು ಟ್ರ್ಯಾಕ್ಟರ್ ತಂದೆ ಅಂದುಕೊಳ್ಳಿ. ಸವಕಳಿ ಎಂದು ವರ್ಷಕ್ಕಿಷ್ಟು ಬರೆಯುತ್ತೇನೆ. ಒಟ್ಟು 8 ಲಕ್ಷ ಆದ ಮೇಲೆ ನಿಲ್ಲಿಸಬೇಕು. ಅಲ್ಲಿ ಎಣ್ಣೆ ಬಾವಿಗೆ ಹಾಗಿಲ್ಲ. ಬಾವಿಯ ಆದಾಯದಲ್ಲಿ ಇಷ್ಟು ಶೇಕಡಾ ಎಂದು ಕಳೆಯುತ್ತಾ ಹೋಗಬಹುದು, ಹಾಕಿದ ದುಡ್ಡು ಪೂರ್ತಿ ಕಳೆದ ಮೇಲೂ. ಮೊದಲು ಅದು ಶೇ 27.5 ಇತ್ತು. 1975ರಲ್ಲಿ ದೊಡ್ಡ ಕಂಪನಿಗಳಿಗೆ ಎಣ್ಣೆ, ಗ್ಯಾಸಿನ ಮೇಲೆ ಇದನ್ನು ತೆಗೆದರು. ಚಿಕ್ಕ ಉತ್ಪಾದಕರಿಗೆ ಈಗಲೂ ಶೇ 15 ಇದೆ.

ಮೂರನೆಯದು ನಿಮಗೆ ಬೇಗ ತಿಳಿಯುತ್ತದೆ, ಏಕೆಂದರೆ ಅದು ಲಾವಣಿ (ಗೇಣಿ) ಲೆಕ್ಕ. ಅಲ್ಲಿ ಕೇಂದ್ರ ಸರ್ಕಾರದ ನೆಲದಲ್ಲಿ ಎಣ್ಣೆ ತೆಗೆದರೆ ಸರ್ಕಾರಕ್ಕೆ ಪಾಲು ಕೊಡಬೇಕು. 1920ರ ಕಾಯ್ದೆ ಕನಿಷ್ಠ ಪಾಲು ಶೇ 12.5 ಎಂದಿತು. ಎಂಟರಲ್ಲಿ ಒಂದು. ನೂರಾ ಎರಡು ವರ್ಷ ಅದು ಏರಲೇ ಇಲ್ಲ. 2022ರಲ್ಲಿ ಶೇ 16.67 ಮಾಡಿದರು, ಆರರಲ್ಲಿ ಒಂದು. 2025ರಲ್ಲಿ ಮತ್ತೆ ಎಂಟರಲ್ಲಿ ಒಂದಕ್ಕೆ ಇಳಿಸಿದರು. ನಮ್ಮ ಕಡೆ ಯಾವ ಹೊಲದ ಮಾಲೀಕ ನೂರು ವರ್ಷ ಒಂದೇ ಲಾವಣಿಗೆ ಒಪ್ಪುತ್ತಾನೆ ಹೇಳಿ?

ಕೊನೆಗೆ ಒಂದು ಚುಚ್ಚು ಮಾತು, ಬೇಸರ ಬೇಡ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆಯೇ ಇಲ್ಲ. ಅದೂ "ತೆಗೆದುಕೊಳ್ಳದೆ ಬಿಟ್ಟದ್ದೇ".


ಕೃಷ್ಣಾದಂಡೆ ಕಬ್ಬಿನವ
ಶನಿವಾರ, ರಾತ್ರಿ 10:05

ಲೆಕ್ಕಿಗ ಸರ್, ಚುಚ್ಚಿದ್ದು ನಾಟಿತು. ತೆರಿಗೆ ಕಟ್ಟುವಷ್ಟು ಆದಾಯ ಬಂದರೆ ಖುಷಿಯಿಂದ ಕಟ್ಟುತ್ತೇನೆ. ಹೋದ ವರ್ಷದ ಬಿಲ್ಲು ಒಂದು ಕಾರ್ಖಾನೆಯಿಂದ ಇನ್ನೂ ಪೂರ್ತಿ ಬಂದಿಲ್ಲ. ಹೆಸರು ಬೇಡ.

ಆದರೆ ಬಾವಿ ಕೊರೆದ ಖರ್ಚು ಕಳೆಯುವುದು ಅಂದಿರಲ್ಲ, ಅದು ಹೊಟ್ಟೆ ಉರಿಸಿತು. ನಾನು ನಾಲ್ಕು ಬೋರ್ ಹಾಕಿಸಿದ್ದೇನೆ. ಮೂರು ಫೇಲ್. ಮೂರನೆಯದಕ್ಕೆ ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಗಿತ್ತು. ರಿಗ್ ಗಾಡಿ ರಾತ್ರಿ ಎರಡು ಗಂಟೆ ತನಕ ಕೊರೆಯಿತು. ಬಂದದ್ದು ಬರೀ ಬೂದು ಬಣ್ಣದ ಹುಡಿ. ಗಾಡಿಯವನು ಫೂಟಿನ ಲೆಕ್ಕ ಮಾಡಿ ರೊಕ್ಕ ಎಣಿಸಿಕೊಂಡು ಹೋದ. ನನ್ನ ಅಂಗಿ ಮೇಲೆ, ಹುಬ್ಬಿನ ಮೇಲೆ ಅದೇ ಹುಡಿ. ಆ ಖರ್ಚು ಯಾವ ಪುಸ್ತಕದಲ್ಲಿ ಕಳೆಯಲಿ?


ಸ್ಟಾವಂಗರಿನ ಅಥಣಿಯವ
ಶನಿವಾರ, ರಾತ್ರಿ 11:20

ಕಬ್ಬಿನವರೇ, ನಿಮ್ಮ ಬೋರ್‌ವೆಲ್ ಓದಿ ಬರೆಯಲೇಬೇಕು ಅನಿಸಿತು. ನಾನು ಅಥಣಿ ತಾಲ್ಲೂಕಿನವ, ಈಗ ನಾರ್ವೆಯ ಸ್ಟಾವಂಗರಿನಲ್ಲಿ ಕೆಲಸ. ಇದು ಅವರ ಎಣ್ಣೆ ರಾಜಧಾನಿ.

ಇಲ್ಲಿ ಎಣ್ಣೆ ಕಂಪನಿಯ ಲಾಭದ ಮೇಲೆ ತೆರಿಗೆ ಶೇ 78. ಎಲ್ಲ ಕಂಪನಿಗಳಿಗೂ ಇರುವ 22, ಎಣ್ಣೆಯವರಿಗೆ ವಿಶೇಷವಾಗಿ 56. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಸಬ್ಸಿಡಿ ಎಲ್ಲಿ ಬಂತು ಅನಿಸುತ್ತದೆ. ಬಂದದ್ದು ಹೀಗೆ. 2005ರಿಂದ ಒಂದು ನಿಯಮ ತಂದರು. ಹೊಸ ಕಂಪನಿ, ಇನ್ನೂ ಲಾಭವೇ ಇಲ್ಲ, ಎಣ್ಣೆ ಹುಡುಕಲು ಸಮುದ್ರದಲ್ಲಿ ಬಾವಿ ಕೊರೆಯಿತು. ಏನೂ ಸಿಗಲಿಲ್ಲ. ಆ ಹುಡುಕಾಟದ ಖರ್ಚಿನ ಶೇ 78ನ್ನು ಸರ್ಕಾರ ಮುಂದಿನ ವರ್ಷ ನಗದಾಗಿ ವಾಪಸ್ ಕೊಡುತ್ತಿತ್ತು. 2022ರಲ್ಲಿ ನಿಯಮದ ರೂಪ ಬದಲಾಯಿತು, ಆದರೆ ನಷ್ಟದ ದೊಡ್ಡ ಪಾಲು ಈಗಲೂ ಸರ್ಕಾರದ್ದೇ. ನಿಮ್ಮ ಮೂರು ಫೇಲ್ ಬೋರಿಗೆ ನೂರಕ್ಕೆ 78 ರೂಪಾಯಿ ಮನೆಗೆ ಬಂದ ಹಾಗೆ.

ಇದನ್ನು ಸಬ್ಸಿಡಿ ಅಂದರೆ ಇಲ್ಲಿನ ಸರ್ಕಾರದವರು ಒಪ್ಪುವುದಿಲ್ಲ. "ಲಾಭ ಬಂದರೆ 78 ನಾವು ತೆಗೆದುಕೊಳ್ಳುತ್ತೇವೆ. ನಷ್ಟದಲ್ಲೂ 78 ನಮ್ಮದು. ನಾವು ಪಾಲುದಾರರು" ಅನ್ನುತ್ತಾರೆ. ಪರಿಸರದವರು "ಈ ಭರವಸೆ ಇಲ್ಲದಿದ್ದರೆ ಅರ್ಧ ಬಾವಿ ಯಾರೂ ಕೊರೆಯುತ್ತಲೇ ಇರಲಿಲ್ಲ" ಅನ್ನುತ್ತಾರೆ. ನನ್ನ ಸಂಬಳ ಅದೇ ಬಾವಿಗಳಿಂದ ಬರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಅರ್ಧ ಬೆಲೆ ಕೊಡಿ. ಆದರೂ ಹೇಳುತ್ತೇನೆ, ಎರಡನೆಯವರ ಮಾತಿನಲ್ಲಿ ಹುರುಳಿದೆ.


ಲಾರಿ ಕಾಕಾ
ಭಾನುವಾರ, ಬೆಳಗ್ಗೆ 7:15

ಡೀಸೆಲ್ ವಿಷಯ ನನಗೆ ಬಿಡಿ. 2013ರ ಜನವರಿ ನೆನಪಿದೆಯಾ? ತಿಂಗಳಿಗೆ ಸುಮಾರು 50 ಪೈಸೆ ಏರಿಸುತ್ತೇವೆ ಅಂದರು. ನಾವೂ "ಅರ್ಧ ರೂಪಾಯಿ ತಾನೇ" ಅಂದೆವು. 2014ರ ಅಕ್ಟೋಬರಿಗೆ ಡೀಸೆಲ್ ದರ ಪೂರ್ತಿ ಮುಕ್ತ ಆಯಿತು. ಪೆಟ್ರೋಲ್ ಅದಕ್ಕೂ ಮೊದಲೇ, 2010ರಲ್ಲಿ. ಇರುವೆ ಸಕ್ಕರೆ ಮೂಟೆ ಖಾಲಿ ಮಾಡಿದ ಹಾಗೆ ಸಬ್ಸಿಡಿ ಹೋಯಿತು. ನಮಗೆ ಗೊತ್ತೇ ಆಗಲಿಲ್ಲ.

ಈಗ ಪಂಪಿನಲ್ಲಿ ನಾನೇ ಸರ್ಕಾರಕ್ಕೆ ಕೊಡುತ್ತೇನೆ. ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ಮಾರಾಟ ತೆರಿಗೆ ಬೇರೆ. ನಮ್ಮ ರಾಜ್ಯದ್ದೇ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲೆ ಶೇ 18.44 ಇದ್ದದ್ದು 21.17 ಆಯಿತು. ಸಬ್ಸಿಡಿ ಅಂತೆ, ಸಬ್ಸಿಡಿ!


ಬಂಕ್ ಹುಡುಗ (ನಿಪ್ಪಾಣಿ ಹೈವೇ)
ಭಾನುವಾರ, ಬೆಳಗ್ಗೆ 7:40

ಕಾಕಾ, ಬೆಳಗ್ಗೆ 6ಕ್ಕೆ ದರ ಬದಲಾದರೆ ಬೈಸಿಕೊಳ್ಳುವುದು ನಾನು. ನೀವು ಲಾರಿಯಿಂದ ಇಳಿದೇ ಬಯ್ಯುತ್ತೀರಿ. 😄

ನೈಜೀರಿಯಾದ ಕಥೆ ಓದಿದ್ದೆ. ಅದು ಎಣ್ಣೆ ತೆಗೆಯುವ ದೇಶ, ಆದರೂ ಪೆಟ್ರೋಲ್ ಹೊರಗಿನಿಂದ ತರಿಸಿ ಅಗ್ಗಕ್ಕೆ ಮಾರುತ್ತಿತ್ತು. 2023ರ ಮೇ 29ಕ್ಕೆ ಹೊಸ ಅಧ್ಯಕ್ಷ ಟಿನುಬು ಪ್ರಮಾಣವಚನದ ಭಾಷಣದಲ್ಲೇ "ಸಬ್ಸಿಡಿ ಹೋಯಿತು" ಅಂದುಬಿಟ್ಟರು. ಬಂಕ್‌ಗಳ ಮುಂದೆ ಸಾಲು. ಕೆಲವೇ ದಿನದಲ್ಲಿ ದರ ಎರಡು ಪಟ್ಟು ದಾಟಿತು. ಆ ದಿನ ಅಲ್ಲಿ ಪೈಪ್ ಹಿಡಿದು ನಿಂತವನ ಗತಿ ನೆನೆದರೆ ನನ್ನ ನೌಕರಿ ಎಷ್ಟೋ ವಾಸಿ.


ಕೊಲ್ಹಾರದ ಮಗಳು (ವಿಜಯಪುರದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ)
ಭಾನುವಾರ, ಬೆಳಗ್ಗೆ 10:30

ಕಾಕಾ, ತಮ್ಮಾ, ನೀವಿಬ್ಬರೂ ಹೇಳಿದ್ದು ಕೊಳ್ಳುವವರ ಸಬ್ಸಿಡಿ. ಕಬ್ಬಿನವರು ಕೇಳಿದ್ದು ತೆಗೆಯುವವರದ್ದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಲೆಕ್ಕ ಕೆಡುತ್ತದೆ.

ನಮ್ಮ ದೇಶದಲ್ಲಿ ಆ ಕಾಲದಲ್ಲಿ ನಡೆದದ್ದು ವಿಚಿತ್ರ. 2012–13ರಲ್ಲಿ ಡೀಸೆಲ್, ಸೀಮೆಎಣ್ಣೆ, ಗ್ಯಾಸ್ ಅಗ್ಗಕ್ಕೆ ಮಾರಿದ್ದರಿಂದ ಆದ ಕೊರತೆ ಸುಮಾರು 1.61 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು 60,000 ಕೋಟಿಯನ್ನು ಹೊತ್ತವರು ಯಾರು? ಒಎನ್‌ಜಿಸಿಯಂಥ ತೈಲ, ಅನಿಲ ಕ್ಷೇತ್ರದ ಸರ್ಕಾರಿ ಕಂಪನಿಗಳು. ಅಂದರೆ ಎಣ್ಣೆ ತೆಗೆಯುವವನ ಜೇಬಿನಿಂದ ಕೊಳ್ಳುವವನಿಗೆ ಹೋಯಿತು. ಅಮೆರಿಕದ ತದ್ವಿರುದ್ಧ. ಇಂಡೋನೇಷ್ಯಾದಲ್ಲೂ ಇಂಥದ್ದೇ ಒಂದು ಇದೆ. ಗಣಿಯವರು ತೆಗೆದ ಕಲ್ಲಿದ್ದಲಿನಲ್ಲಿ ಶೇ 25 ದೇಶದೊಳಗೇ ಮಾರಬೇಕು, ವಿದ್ಯುತ್ ಸ್ಥಾವರಕ್ಕಾದರೆ ಟನ್ನಿಗೆ ಹೆಚ್ಚೆಂದರೆ 70 ಡಾಲರ್. 2022ರಲ್ಲಿ ಹೊರಗೆ 300 ಡಾಲರ್ ದಾಟಿತ್ತು! ಗಣಿಯವನಿಗೆ ಅದು ದಂಡ, ಸ್ಥಾವರದವನಿಗೆ ಕೊಡುಗೆ.

ಹಾಗೆಂದು ನಮ್ಮಲ್ಲಿ ತೆಗೆಯುವವರಿಗೆ ಏನೂ ಸಿಕ್ಕಿಲ್ಲ ಎಂದಲ್ಲ. ಎಣ್ಣೆ ಉತ್ಪಾದನೆಗೆ 7 ವರ್ಷದ ತೆರಿಗೆ ರಜೆ ಇತ್ತು. ಹುಡುಕಾಟದ ಯಂತ್ರಗಳಿಗೆ ಆಮದು ಸುಂಕದ ರಿಯಾಯಿತಿ ಇದೆ. 2024ರ ಜನವರಿಯಲ್ಲಿ ಕಲ್ಲಿದ್ದಲನ್ನು ಅನಿಲ ಮಾಡುವ ಯೋಜನೆಗಳಿಗೆ 8,500 ಕೋಟಿ ಒಪ್ಪಿದರು.

ಗ್ಯಾಸ್ ಸಿಲಿಂಡರ್ ನೋಡಿ. 2025ರ ಆಗಸ್ಟ್‌ನಲ್ಲಿ ಮೂರು ಸರ್ಕಾರಿ ಎಣ್ಣೆ ಕಂಪನಿಗಳಿಗೆ 30,000 ಕೋಟಿ ಒಪ್ಪಿದರು. ಮನೆ ಸಿಲಿಂಡರ್ ಅಗ್ಗಕ್ಕೆ ಮಾರಿದ ನಷ್ಟಕ್ಕೆ. ಅದು ನಮ್ಮವ್ವನ ಸಬ್ಸಿಡಿಯೋ ಕಂಪನಿಯ ಸಬ್ಸಿಡಿಯೋ? ತರಗತಿಯಲ್ಲಿ ಕೇಳಿದರೆ ಅರ್ಧ ಮಕ್ಕಳು ಒಂದು ಕಡೆ, ಅರ್ಧ ಇನ್ನೊಂದು ಕಡೆ.


ಧ್ವಜಸ್ತಂಭ
ಭಾನುವಾರ, ಬೆಳಗ್ಗೆ 11:02

ಇದೆಲ್ಲ ನಮ್ಮ ದೇಶ ಬೆಳೆಯಬಾರದು ಎಂದು ಹೊರಗಿನವರು ಹೂಡಿದ ಆಟ. ಅವರು ನೂರು ವರ್ಷ ಸುಟ್ಟರು, ಈಗ ನಮಗೆ ಬುದ್ಧಿ ಹೇಳುತ್ತಾರೆ.


ಕೊಲ್ಹಾರದ ಮಗಳು
ಭಾನುವಾರ, ಬೆಳಗ್ಗೆ 11:25

ಧ್ವಜಸ್ತಂಭ ಅವರೇ, ಮೊದಲ ವಾಕ್ಯ ಒಪ್ಪುವುದಿಲ್ಲ, ಎರಡನೆಯದು ಒಪ್ಪುತ್ತೇನೆ. 2009ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜಿ-20 ದೇಶಗಳು "ದಕ್ಷವಲ್ಲದ" ಇಂಧನ ಸಬ್ಸಿಡಿಗಳನ್ನು ಹಂತಹಂತವಾಗಿ ತೆಗೆಯುತ್ತೇವೆ ಅಂದವು. ಭಾರತವೂ ಇತ್ತು. ಆ "ದಕ್ಷವಲ್ಲದ" ಎಂಬ ಒಂದು ಪದ ಇದೆಯಲ್ಲ, ಅದು ಬಾಗಿಲಿಗೆ ಇಟ್ಟ ಕಲ್ಲು. ಪ್ರತಿ ದೇಶವೂ "ನಮ್ಮದು ದಕ್ಷ, ಅವರದು ಅಲ್ಲ" ಅಂದು ಕೂತಿತು. 2021ರ ಗ್ಲಾಸ್ಗೋ ಹವಾಮಾನ ಸಭೆಯಲ್ಲೂ ಅದೇ ಪದ. ಅಲ್ಲಿ ಕಲ್ಲಿದ್ದಲನ್ನು "ನಿಲ್ಲಿಸುವುದು" ಬೇಡ, "ಇಳಿಸುವುದು" ಇರಲಿ ಎಂದು ಕೊನೆ ಗಳಿಗೆಯಲ್ಲಿ ತಿದ್ದಿಸಿದ್ದು ನಮ್ಮವರೇ, ಸಚಿವ ಭೂಪೇಂದರ್ ಯಾದವ್. ಶ್ರೀಮಂತ ದೇಶದವರು ಕಲ್ಲಿದ್ದಲು ನಮ್ಮದು ಅಂತ ಅದರ ಹೆಸರು ಎತ್ತುತ್ತಾರೆ, ಎಣ್ಣೆ, ಗ್ಯಾಸ್ ತಮ್ಮದು ಅಂತ ಹೆಸರು ಎತ್ತುವುದಿಲ್ಲ ಎಂಬ ಸಿಟ್ಟು ಆಗ ಹಲವರಿಗಿತ್ತು. ನನಗೂ ಇತ್ತು.


ಬನಹಟ್ಟಿ ಮಗ್ಗ
ಭಾನುವಾರ, ಮಧ್ಯಾಹ್ನ 1:15

ನಾನು ನೇಕಾರ. ನಮಗೂ ರಿಯಾಯಿತಿ ಕರೆಂಟ್ ಇದೆ, ಆದ್ದರಿಂದ ಕಬ್ಬಿನವರ ಸಾಲಿನಲ್ಲೇ ನಾನೂ ಕೂತಿದ್ದೇನೆ. ಜರ್ಮನಿ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೇ ನಾನು ಬರೆಯುತ್ತೇನೆ. ಒಂದು ಡಾಕ್ಯುಮೆಂಟರಿ ನೋಡಿದ್ದೆ, ಆಮೇಲೆ ಹುಡುಕಿ ಹುಡುಕಿ ಓದಿದೆ.

ಅವರ ಕಲ್ಲಿದ್ದಲು ನೆಲದಲ್ಲಿ ಬಹಳ ಆಳಕ್ಕೆ ಇತ್ತು. ತೆಗೆಯಲು ದುಬಾರಿ. ಹೊರಗಿನಿಂದ ತಂದರೆ ಅಗ್ಗ. ಆದರೂ ರೂರ್ ಪ್ರದೇಶದ ಗಣಿಗಳನ್ನು ಸರ್ಕಾರ ದಶಕಗಟ್ಟಲೆ ದುಡ್ಡು ಕೊಟ್ಟು ನಡೆಸಿತು. ಒಂದು ಕಾಲಕ್ಕೆ ಪ್ರತಿ ಮನೆಯ ಕರೆಂಟ್ ಬಿಲ್ಲಿನಲ್ಲೂ "ಕಲ್ಲಿದ್ದಲು ಕಾಸು" ಎಂದೇ ವಸೂಲಿ ಮಾಡುತ್ತಿದ್ದರು. ನಮ್ಮ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ ಶುಲ್ಕ ಬರುತ್ತದಲ್ಲ, ಹಾಗೆ. 1994ರಲ್ಲಿ ಅವರ ಸಂವಿಧಾನ ಕೋರ್ಟು ಇದು ತಪ್ಪು ಅಂದಿತು. ಆಮೇಲೆ ಸರ್ಕಾರ ಬಜೆಟ್ಟಿನಿಂದ ಕೊಟ್ಟಿತು.

2007ರಲ್ಲಿ ಕೂತು ತೀರ್ಮಾನ ಮಾಡಿದರು: 2018ಕ್ಕೆ ಸಬ್ಸಿಡಿ ಬಂದ್. ಹನ್ನೊಂದು ವರ್ಷದ ಮುನ್ಸೂಚನೆ! ವಯಸ್ಸಾದವರಿಗೆ ಬೇಗ ಪಿಂಚಣಿ, ಚಿಕ್ಕವರಿಗೆ ಬೇರೆ ಕೆಲಸ. 2018ರ ಡಿಸೆಂಬರ್ 21ಕ್ಕೆ ಬೊಟ್ರಾಪ್ ಊರಿನ ಪ್ರಾಸ್ಪರ್-ಹಾನಿಯೆಲ್ ಗಣಿಯಿಂದ ಕೊನೆಯ ಕಲ್ಲಿದ್ದಲ ತುಂಡು ಮೇಲೆ ಬಂತು. ಮುಖ ಕರ್ರಗಾದ ಗಣಿ ಕೆಲಸಗಾರರು ಅದನ್ನು ಅಲ್ಲಿನ ರಾಷ್ಟ್ರಪತಿಯ ಕೈಗೆ ಕೊಟ್ಟರು. ನೋಡುತ್ತಾ ನನಗೆ ಕಣ್ಣು ತುಂಬಿತು, ಯಾಕೋ ಗೊತ್ತಿಲ್ಲ.

ಇಲ್ಲ, ಗೊತ್ತು. ನಮ್ಮ ಓಣಿಯಲ್ಲಿ ಮೊದಲು ಬೆಳಗ್ಗೆ ಆರಕ್ಕೆ ಎದ್ದರೆ ಎಲ್ಲ ಮನೆಯಿಂದಲೂ ಕಟಕಟ ಸದ್ದು. ಪಕ್ಕದಲ್ಲಿ ನಿಂತವನ ಮಾತು ಕೇಳಿಸುತ್ತಿರಲಿಲ್ಲ. ಈಗ ಹಕ್ಕಿ ಕೂಗುವುದು ಕೇಳುತ್ತದೆ. ಮಗ್ಗ ನಿಂತಾಗ ನಮಗೆ ಹನ್ನೊಂದು ದಿನ ಮೊದಲೂ ಯಾರೂ ಹೇಳಲಿಲ್ಲ. ಪಕ್ಕದ ಮನೆಯವರು ಮಗ್ಗವನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಿದರು.


ಬೆಳಗಾವಿ ಲೆಕ್ಕಿಗ
ಭಾನುವಾರ, ಮಧ್ಯಾಹ್ನ 2:00

ಮಗ್ಗದವರೇ, ಚೆನ್ನಾಗಿ ಬರೆದಿರಿ. ಒಂದು ಸೇರಿಸುತ್ತೇನೆ. ಅಲ್ಲಿ ಮುಗಿದದ್ದು ಆಳದ ಗಟ್ಟಿ ಕಲ್ಲಿದ್ದಲಿನ ಗಣಿ ಮಾತ್ರ. ಮೇಲ್ಮೈಯಲ್ಲೇ ಅಗೆಯುವ ಕಂದು ಕಲ್ಲಿದ್ದಲು ಈಗಲೂ ಇದೆ. ಕಲ್ಲಿದ್ದಲು ವಿದ್ಯುತ್ತಿಗೆ 2038ರ ಗಡುವು. ಬೇಗ ಮುಚ್ಚುವುದಕ್ಕೆ ಆರ್‌ಡಬ್ಲ್ಯುಇ ಎಂಬ ಕಂಪನಿಗೆ 260 ಕೋಟಿ ಯೂರೊ ಪರಿಹಾರ. ನಡೆಸಲೂ ದುಡ್ಡು, ನಿಲ್ಲಿಸಲೂ ದುಡ್ಡು.


ಲಾರಿ ಕಾಕಾ
ಭಾನುವಾರ, ಮಧ್ಯಾಹ್ನ 2:20

ಆಸ್ಟ್ರೇಲಿಯಾದಲ್ಲಿ ಗಣಿ ಡಂಪರಿಗೆ ಡೀಸೆಲ್ ತೆರಿಗೆ ವಾಪಸ್ ಬರುತ್ತದಂತೆ, ಹೌದಾ?


ಬೆಳಗಾವಿ ಲೆಕ್ಕಿಗ
ಭಾನುವಾರ, ಮಧ್ಯಾಹ್ನ 2:35

ಹೌದು ಕಾಕಾ. ಸಾರ್ವಜನಿಕ ರಸ್ತೆ ಬಿಟ್ಟು ಬೇರೆ ಕಡೆ ಸುಟ್ಟ ಡೀಸೆಲ್ಲಿಗೆ ಅಬಕಾರಿ ಸುಂಕ ಮರಳಿ ಕೊಡುತ್ತಾರೆ. ಅದರ ದೊಡ್ಡ ಪಾಲು ಗಣಿಗಳಿಗೆ ಹೋಗುತ್ತದೆ. ರೈತರ ಟ್ರ್ಯಾಕ್ಟರಿಗೂ ಇದೆ. ಗಣಿಯವರ ವಾದ: "ಈ ಸುಂಕ ರಸ್ತೆಗಾಗಿ ಇರುವುದು, ನಾವು ರಸ್ತೆ ಬಳಸಲಿಲ್ಲ, ಇದು ಸಬ್ಸಿಡಿಯೇ ಅಲ್ಲ." ವಿರೋಧದವರ ವಾದ: "ಸುಂಕದ ದುಡ್ಡು ಈಗ ಸಾಮಾನ್ಯ ಖಜಾನೆಗೇ ಹೋಗುತ್ತದೆ, ರಸ್ತೆಯ ನೆಪ ಹೇಳಬೇಡಿ." ನನಗೆ ಇದರಲ್ಲಿ ಇಬ್ಬರ ಮಾತೂ ಅರ್ಧ ಅರ್ಧ ಸರಿ ಅನಿಸುತ್ತದೆ.


ಲಾರಿ ಕಾಕಾ
ಭಾನುವಾರ, ಮಧ್ಯಾಹ್ನ 2:37

ಟ್ರ್ಯಾಕ್ಟರಿಗೂ ಕೊಡುತ್ತಾರಾ! ಕಬ್ಬಿನವಾ, ಪಾಸ್‌ಪೋರ್ಟ್ ಮಾಡಿಸು.


ಬಾಗಲಕೋಟೆ ಮಾಸ್ತರ್ (ನಿವೃತ್ತ, ವಿಜ್ಞಾನ)
ಭಾನುವಾರ, ಸಂಜೆ 5:10

ಯಾರೂ ಕಬ್ಬಿನವರ ಮೋಟರಿಗೆ ಲೆಕ್ಕ ಹಾಕಲಿಲ್ಲ. ನಾನು ಹಾಕುತ್ತೇನೆ, ನಿವೃತ್ತ ಮಾಸ್ತರನಿಗೆ ಬೇರೇನು ಕೆಲಸ.

ಏಳೂವರೆ ಎಚ್‌ಪಿ ಅಂದರೆ ಸುಮಾರು 5.6 ಕಿಲೋವಾಟ್. ದಿನಕ್ಕೆ 7 ತಾಸು ಕರೆಂಟ್ ಕೊಟ್ಟರೆ ಸುಮಾರು 39 ಯೂನಿಟ್. ಎಲ್ಲವೂ ಕಲ್ಲಿದ್ದಲಿನದ್ದೇ ಎಂದುಕೊಳ್ಳೋಣ. ಒಂದು ಯೂನಿಟ್ಟಿಗೆ ನಮ್ಮ ದೇಶದ ಕಲ್ಲಿದ್ದಲು ಸುಮಾರು 700 ಗ್ರಾಂ ಬೇಕು. ಗುಣಿಸಿದರೆ 27 ಕಿಲೋ. ಅಂದರೆ ನೀವು ದಿನಾ ಕಬ್ಬಿಗೆ ನೀರು ಬಿಡುವಾಗ ಎಲ್ಲೋ ಅರ್ಧ ಚೀಲ ಕಲ್ಲಿದ್ದಲು ಉರಿಯುತ್ತದೆ. ಗೊಬ್ಬರದ ಚೀಲ ನೆನಪು ಮಾಡಿಕೊಳ್ಳಿ, ಅದರ ಅರ್ಧ.

ಈಗ ಆ ಅರ್ಧ ಚೀಲದ ಹಿಂದೆ ಹೋಗೋಣ. ನಮ್ಮ ಕಡೆ ದೊಡ್ಡ ಸ್ಥಾವರ ಕೂಡಗಿ. 800 ಮೆಗಾವಾಟ್‌ನ ಮೂರು ಘಟಕ, ಒಟ್ಟು 2,400. ನೀರು ಆಲಮಟ್ಟಿಯದು. ಕಲ್ಲಿದ್ದಲು ಮಾತ್ರ ನಮ್ಮ ನೆಲದ್ದಲ್ಲ, ದೂರದಿಂದ ರೈಲಿನಲ್ಲಿ ಬರುತ್ತದೆ. ರೈಲ್ವೆಯವರು ಕಲ್ಲಿದ್ದಲಿನ ಸರಕಿಗೆ ಜಾಸ್ತಿ ಬಾಡಿಗೆ ಹಾಕಿ, ಆ ದುಡ್ಡಿನಲ್ಲಿ ಪ್ರಯಾಣಿಕರ ಟಿಕೆಟ್ ಅಗ್ಗ ಇಡುತ್ತಾರೆ. ನಾನು ಮಗಳ ಊರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುವಾಗ ನನ್ನ ಟಿಕೆಟ್ಟಿನ ಒಂದು ಭಾಗ ಆ ಅರ್ಧ ಚೀಲ ಕೊಟ್ಟಿದೆ!

ಇನ್ನು ಕಲ್ಲಿದ್ದಲಿನ ಮೇಲಿನ ಸೆಸ್, ಅಂದರೆ ಹೆಚ್ಚುವರಿ ತೆರಿಗೆ. 2010ರಲ್ಲಿ ಟನ್ನಿಗೆ 50 ರೂಪಾಯಿ ಎಂದು ಶುರು ಮಾಡಿ 2016ಕ್ಕೆ 400 ಮಾಡಿದ್ದರು. ನಿಮ್ಮ 27 ಕಿಲೋ ಮೇಲೆ ದಿನಕ್ಕೆ ಸುಮಾರು 11 ರೂಪಾಯಿ. 2025ರ ಸೆಪ್ಟೆಂಬರ್ 22ಕ್ಕೆ ಆ ಸೆಸ್ ತೆಗೆದು, ಜಿಎಸ್‌ಟಿಯನ್ನು 5ರಿಂದ 18ಕ್ಕೆ ಏರಿಸಿದರು. ಗಣಿ ಇರುವ ರಾಜ್ಯಕ್ಕೆ ಶೇ 14 ರಾಜಧನ ಬೇರೆ. ಆದ್ದರಿಂದ ನಮ್ಮ ದೇಶದಲ್ಲಿ ಕಲ್ಲಿದ್ದಲು ಬರೀ ತೆಗೆದುಕೊಳ್ಳುವ ಮಗ ಅಲ್ಲ, ದುಡಿದು ಮನೆಗೆ ಕೊಡುವ ಮಗನೂ ಹೌದು. ಅದಕ್ಕೇ ಅವನನ್ನು ಮನೆ ಬಿಟ್ಟು ಹೋಗು ಎನ್ನಲು ಯಾರಿಗೂ ಮನಸ್ಸಿಲ್ಲ.


ಕೊಲ್ಹಾರದ ಮಗಳು
ಭಾನುವಾರ, ಸಂಜೆ 6:00

ಗುರುಗಳೇ, ಲೆಕ್ಕ ಪಾಠಕ್ಕೆ ಕದಿಯುತ್ತೇನೆ. ಆದರೆ ಆ ಮಗ ಮನೆಗೆ ಕೊಡುವುದರ ಜೊತೆ ಮನೆಯವರ ಔಷಧದ ಬಿಲ್ಲನ್ನೂ ಬಿಟ್ಟು ಹೋಗುತ್ತಾನೆ. ಅದನ್ನು ಯಾವ ಕಾಲಮಿನಲ್ಲಿ ಬರೆಯುತ್ತೀರಿ?

ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 2022ನೇ ವರ್ಷಕ್ಕೆ ಜಗತ್ತಿನ ಇಂಧನ ಸಬ್ಸಿಡಿ 7 ಲಕ್ಷ ಕೋಟಿ ಡಾಲರ್ ಎಂದಿತು. ವಾಟ್ಸಾಪ್‌ನಲ್ಲಿ ಈ ಅಂಕಿ ಓಡಾಡುತ್ತದೆ, ಆದರೆ ಯಾರೂ ಪೂರ್ತಿ ಓದುವುದಿಲ್ಲ. ನಿಜವಾಗಿ ಕಡಿಮೆ ದರದ ರೂಪದಲ್ಲಿ ಕೊಟ್ಟದ್ದು ಅದರಲ್ಲಿ 1.3 ಲಕ್ಷ ಕೋಟಿ ಡಾಲರ್. ಉಳಿದದ್ದು ಹೊಗೆ, ಕಾಯಿಲೆ, ಹವಾಮಾನದ ಹಾನಿ, ಬಿಟ್ಟ ತೆರಿಗೆ. ಯಾರೂ ಯಾರ ಕೈಗೂ ಕೊಟ್ಟ ದುಡ್ಡಲ್ಲ. ಯಾರೂ ವಸೂಲಿ ಮಾಡದೆ ಬಿಟ್ಟ ಬೆಲೆ. ಇದನ್ನು ಸಬ್ಸಿಡಿ ಎಂದು ಕರೆಯಬೇಕೇ ಎಂದು ಅರ್ಥಶಾಸ್ತ್ರದವರೇ ಕಿತ್ತಾಡುತ್ತಾರೆ.

ಒಂದು ಉದಾಹರಣೆ. ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಹೋಗುವ ಗಂಧಕದ ಹೊಗೆಗೆ 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. 2017ರ ಗಡುವು. ಆಮೇಲೆ ಮುಂದಕ್ಕೆ, ಮತ್ತೆ ಮುಂದಕ್ಕೆ. 2025ರ ಜುಲೈನಲ್ಲಿ ದೊಡ್ಡ ಊರುಗಳಿಂದ ದೂರ ಇರುವ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದಲೇ ವಿನಾಯಿತಿ ಕೊಟ್ಟರು. ಬಜೆಟ್ಟಿನಲ್ಲಿ ಇದಕ್ಕೆ ಒಂದು ರೂಪಾಯಿ ಇಲ್ಲ. ಹಾಗಾದರೆ ಇದು ಪುಕ್ಕಟೆಯೋ ಅಲ್ಲವೋ?

ನಮ್ಮ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿದೆ. ಅಜ್ಜನ ಮನೆಯ ತೊಲೆ ಕಳಚಿ ಹೊಸ ಊರಿಗೆ ತಂದಿದ್ದರು, ಈಗಲೂ ಅಟ್ಟದ ಮೇಲಿದೆ. ನೀರು ಕುಡಿಯಲು ಹೋಯಿತು, ಹೊಲಕ್ಕೆ ಹೋಯಿತು, ಕರೆಂಟಿಗೂ ಹೋಯಿತು. ಸಿಟ್ಟಿಲ್ಲ. ಆದರೆ ಪುಕ್ಕಟೆ ಯಾರಿಗೆ ಎಂದು ಯಾರಾದರೂ ಕೇಳಿದರೆ ನನಗೆ ಆ ತೊಲೆ ನೆನಪಾಗುತ್ತದೆ.


ಬಂಕ್ ಹುಡುಗ
ಭಾನುವಾರ, ಸಂಜೆ 6:20

ಎಥೆನಾಲ್ ಬಗ್ಗೆ ಯಾರೂ ಮಾತಾಡಲ್ವಾ? ನಮ್ಮ ಪೆಟ್ರೋಲಿನಲ್ಲಿ ಈಗ ಶೇ 20 ಅದೇ.


ಕೃಷ್ಣಾದಂಡೆ ಕಬ್ಬಿನವ
ಭಾನುವಾರ, ಸಂಜೆ 6:22

ತಮ್ಮಾ, ಕೈಮುಗಿಯುತ್ತೇನೆ. ಕಬ್ಬಿನ ವಿಷಯ ತೆಗೆದರೆ ಈ ಚರ್ಚೆ ಮುಂದಿನ ಹಂಗಾಮಿನ ತನಕ ನಡೆಯುತ್ತದೆ.


ಸ್ಟಾವಂಗರಿನ ಅಥಣಿಯವ
ಭಾನುವಾರ, ರಾತ್ರಿ 9:30

ಕೊಲ್ಹಾರದ ಅಕ್ಕ ಔಷಧದ ಬಿಲ್ಲು ಅಂದರಲ್ಲ, ಅದಕ್ಕೆ ಹೊಂದುವ ಇನ್ನೊಂದು: ಮುಚ್ಚುವ ಖರ್ಚು. ಎಣ್ಣೆ ತೀರಿದ ಮೇಲೆ ಬಾವಿಗೆ ಸಿಮೆಂಟ್ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಮೀಥೇನ್ ಅನಿಲ ಸೋರುತ್ತದೆ, ನೀರು ಕೆಡುತ್ತದೆ. ಅಮೆರಿಕದಲ್ಲಿ ಕಂಪನಿಗಳು ದಿವಾಳಿ ಎಂದು ಹೇಳಿ ಬಿಟ್ಟುಹೋದ ಬಾವಿಗಳಿಗೆ "ಅನಾಥ ಬಾವಿ" ಎಂದೇ ಹೆಸರು. 2021ರ ಒಂದು ಕಾಯ್ದೆಯಲ್ಲಿ ಅವುಗಳನ್ನು ಮುಚ್ಚಲು 470 ಕೋಟಿ ಡಾಲರ್ ಇಟ್ಟರು. ಎಣ್ಣೆ ಮಾರಿದ ಲಾಭ ಹೋದದ್ದು ಹೋಯಿತು, ಮುಚ್ಚಳದ ದುಡ್ಡು ಜನರದ್ದು.

ಕೆನಡಾ ಇನ್ನೂ ಒಂದು ಹೆಜ್ಜೆ ಮುಂದೆ. 2018ರಲ್ಲಿ ಖಾಸಗಿ ಕಂಪನಿ ಕೈಬಿಡಲು ಹೊರಟ ಟ್ರಾನ್ಸ್ ಮೌಂಟನ್ ಪೈಪ್‌ಲೈನನ್ನು ಕೇಂದ್ರ ಸರ್ಕಾರವೇ 450 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ವಿಸ್ತರಣೆ ಮುಗಿದು 2024ರ ಮೇ ತಿಂಗಳಲ್ಲಿ ಎಣ್ಣೆ ಹರಿಯುವ ಹೊತ್ತಿಗೆ ಖರ್ಚು ಸುಮಾರು 3,400 ಕೋಟಿ ಡಾಲರ್.


ಬನಹಟ್ಟಿ ಮಗ್ಗ
ಭಾನುವಾರ, ರಾತ್ರಿ 9:50

ಮುಚ್ಚದ ಬಾವಿ ಅಂದರೆ ನಮಗೆ ಬೇರೆಯೇ ನೆನಪಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನಲ್ಲಿ ಕೂಸೊಂದು ಬೋರ್‌ವೆಲ್‌ಗೆ ಬಿದ್ದಿತ್ತಲ್ಲ. ಸುಮಾರು 20 ತಾಸು ಆದ ಮೇಲೆ ಜೀವಂತ ತೆಗೆದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಟಿವಿ ಬಂದ್ ಮಾಡಲಿಲ್ಲ.


ಕೃಷ್ಣಾದಂಡೆ ಕಬ್ಬಿನವ
ಭಾನುವಾರ, ರಾತ್ರಿ 11:35

ಮಗ್ಗದವರ ಮಾತು ಓದಿ ಟಾರ್ಚ್ ಹಿಡಿದು ಹೊಲಕ್ಕೆ ಹೋದೆ. ಎರಡು ಫೇಲ್ ಬೋರಿಗೆ ಕಬ್ಬಿಣದ ಕ್ಯಾಪ್ ಹಾಕಿಸಿದ್ದೆ, ಗಟ್ಟಿ ಇವೆ. ಮೂರನೆಯದಕ್ಕೆ ಹರಿದ ಗೊಬ್ಬರದ ಚೀಲ ಸುತ್ತಿ ಮೇಲೊಂದು ಕಲ್ಲು ಇಟ್ಟಿದ್ದೆ. ಚೀಲ ಬಿಸಿಲಿಗೆ ಪುಡಿಯಾಗಿದೆ. ನಾಳೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತೇನೆ. ಅದು ನನ್ನ ಖರ್ಚೇ, ಒಪ್ಪುತ್ತೇನೆ.

ಭಾವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. "ನಾನು ಪುಕ್ಕಟೆ ತೆಗೆದುಕೊಳ್ಳುತ್ತಿಲ್ಲ" ಎಂದು ಹೇಳಲು ಬರುವುದಿಲ್ಲ, ದಿನಾ ಅರ್ಧ ಚೀಲ ಸುಡುತ್ತಿದ್ದೇನೆ. ಆದರೆ ಅವರ ಪುಣೆ ಫ್ಲಾಟಿನ ಎಸಿ, ಅವರು ಬಂದ ಕಾರಿನ ಪೆಟ್ರೋಲ್, ಅದು ಬಂದ ಬಾವಿ, ಎಲ್ಲಕ್ಕೂ ಯಾರೋ ಎಲ್ಲೋ ಒಂದು ಬಿಲ್ಲು ಹರಿದಿದ್ದಾರೆ. ನನ್ನದಕ್ಕೆ ಮೀಟರ್ ಇಲ್ಲ ಅಂದರು. ಅವಕ್ಕೂ ಇಲ್ಲ.

ಮಾಸ್ತರರೇ, ಒಂದು ಕೇಳಬೇಕಿತ್ತು. ಹಗಲು ಸೋಲಾರ್ ಫೀಡರಿನಿಂದ ಕರೆಂಟ್ ಕೊಟ್ಟರೆ ನನ್ನ ಅರ್ಧ ಚೀಲ ಎಷ್ಟಕ್ಕೆ ಇಳಿಯುತ್ತದೆ? ಪಕ್ಕದ ಊರಿನ ಸಬ್‌ಸ್ಟೇಷನ್ ಹತ್ತಿರ ಪ್ಯಾನೆಲ್ ಹಾಕುತ್ತಿದ್ದಾರೆ. ರಾತ್ರಿ ಹಾವು, ಚಳಿ ಎಂದು ಅಂಜುವುದೂ ತಪ್ಪುತ್ತದೆ.


ಬಾಗಲಕೋಟೆ ಮಾಸ್ತರ್
ಭಾನುವಾರ, ರಾತ್ರಿ 11:48

ಬಿಸಿಲಿದ್ದ ದಿನ ಬಹುತೇಕ ಸೊನ್ನೆ. ಮೋಡದ ದಿನಕ್ಕೆ ಲೆಕ್ಕ ಬೇಕು, ನಾಳೆ ಹಾಕುತ್ತೇನೆ. ಪ್ಯಾನೆಲ್‌ಗೂ ಸರ್ಕಾರ ಸಹಾಯಧನ ಕೊಡುತ್ತದೆ, ಅದನ್ನೂ ಭಾವನಿಗೆ ಮೊದಲೇ ಹೇಳಿಬಿಡು.


ಕೃಷ್ಣಾದಂಡೆ ಕಬ್ಬಿನವ
ಭಾನುವಾರ, ರಾತ್ರಿ 11:52

ಹೇಳುತ್ತೇನೆ ಸರ್. ಕರೆಂಟ್ ಬಂತು, ಕಾಲುವೆ ಒಡೆಯುವ ಮೊದಲು ಮಡಿ ತಿರುಗಿಸಬೇಕು. ಬರುತ್ತೇನೆ.